ಜಗಲಿ ಏರಿದ ದೊರೆಸಾನಿ

ರೊಟ್ಟಿಗೆ ಜೋಳದ ಹಿಟ್ಟು ನಾದುತ್ತಿದ್ದೆ. ಸಿನಿಮಾ ಬೋರ್ಡು ಬರೆಯುವ ನನ್ನ ಮೈದುನ ಬಸವರಾಜ ಒಳಗೆ ಓಡಿಬಂದ.

"ಅತ್ತಿಗೀ, ಮದ್ರಾಸಿನ ಸಿನಿಮಾ ಸಾಹೇಬ್ರು ನಾಳಿ ಬಳ್ಳಾರಿಗೆ ಬರ್ತಾರಂತ! ನನ್ನ ಗೊಂಬಿ ಮೆಚ್ಚಿದ್ರ ಕೆಲಸ ಕೊಡ್ತಾರ!"

ನಮ್ಮ ಮನೆಗೆ ಟಿವಿ ಬರುವ ಮೊದಲಿನ ಮಾತಿದು. ಮೆತ್ತನೆ ಮಣ್ಣಿನ ಗೊಂಬೆಯನ್ನು ಚೂರು ಚೂರೇ ಸರಿಸಿ ಒಂದೊಂದೇ ಚಿತ್ರ ಹಿಡಿದರೆ, ಪರದೆಯ ಮೇಲೆ ಅದು ತಾನೇ ನಡೆದಾಡುತ್ತದಂತೆ. ವಿದೇಶದವರ ಹಾಗೆ ತಾನೂ ಅಂಥ ಸಿನಿಮಾ ಮಾಡಬೇಕೆಂಬುದು ಅವನ ಹಂಬಲ. ನೋಟವೂ ಅವರದೇ ಇರಬೇಕು: ಗೊಂಬೆ ಒಬ್ಬ ದೊರೆಸಾನಿ, ಅವಳಿಗೆ ದೊಡ್ಡ ತಲೆ, ನೀಲಿ ಕಣ್ಣು, ಹೊನ್ನಿನ ಬಣ್ಣದ ಕೂದಲು, ಸುತ್ತ ಹಿಮ. ಬಳ್ಳಾರಿಯಲ್ಲಿ ಹಿಮ! ಅದಕ್ಕೆ ಹತ್ತಿ ತಂದಿಟ್ಟಿದ್ದ.

"ಮಣ್ಣೆತ್ತಿನ ಅಮಾಸಿಗೆ ವರ್ಷಾ ಎತ್ತು ಮಾಡಾಕಿ ನಾನು. ನಿನ್ನ ದೊರಿಸಾನಿ ಯಾವ ದೊಡ್ಡ ಮಾತಪ್ಪಾ?" ಎಂದೆ. ತವರೂರು ಬಾದನಹಟ್ಟಿಯಲ್ಲಿ ನನ್ನ ಎತ್ತಿಗೆ ಊರೇ ತಲೆದೂಗುತ್ತಿತ್ತು. ಊರೆಂದರೆ ನಮ್ಮವ್ವ.

ಸಂಜೆಯೊಳಗೆ ನನ್ನ ಕೈಯಿಂದ ಗೊಂಬೆ ಅವನು ಹೇಳಿದಂತೆಯೇ ತಯಾರಾಯಿತು. ಅವನು ಹೊರಗೆ ಹೋದ ಮೇಲೆ ನನ್ನ ತಿದ್ದುಪಡಿಗಳು ಶುರುವಾದವು. ಅಷ್ಟು ಹಿಮದಲ್ಲಿ ತೋಳಿಲ್ಲದ ಅಂಗಿಯೇ? ಪಾಪ ಎನಿಸಿ ಖಣದ ತುಂಡು ಹೊದಿಸಿದೆ. ನೀಲಿ ಕಣ್ಣು ಬೆಕ್ಕಿನ ಹಾಗೆ ಕಂಡಿತು, ಕಾಡಿಗೆ ತೀಡಿದೆ. ಬೋಳು ಹಣೆ ನೋಡಲಾಗದೆ ವಿಭೂತಿ ಬಳಿದು ಕುಂಕುಮ ಇಟ್ಟೆ. ಇಲಿ ಮುಟ್ಟದಿರಲೆಂದು ದೇವರ ಜಗಲಿಯ ಮೇಲೆ ಕೂರಿಸಿದೆ. ಎಂಥ ಮುಂದಾಲೋಚನೆ!

ಬೆಳಿಗ್ಗೆ ಪೂಜೆಯ ಹೊತ್ತಿಗೆ ಕೈ ತನ್ನ ಪಾಡಿಗೆ ಹೂವು ಏರಿಸಿತು, ಆರತಿ ಬೆಳಗಿತು. ಪಕ್ಕದ ಮನೆಯ ಗಂಗಕ್ಕ ಬಂದವಳೇ, "ಯವ್ವಾ, ಯಾವ ಊರ ತಾಯಿನವಾ ಈಕಿ? ಎಷ್ಟು ಕಳಿ ಐತಿ!" ಎಂದು ಕಾಯಿ ತಂದು ಒಡೆದೇಬಿಟ್ಟಳು.

ಅಷ್ಟರಲ್ಲಿ ಸಾಹೇಬರನ್ನು ಕರೆದುಕೊಂಡು ಬಸವರಾಜ ಬಂದ. ಅವರು ಬೂಟು ಬಿಚ್ಚಿ, ಜಗಲಿಗೆ ಭಕ್ತಿಯಿಂದ ಕೈಮುಗಿದು ಕೇಳಿದರು: "ಎಲ್ಲಪ್ಪಾ ನಿನ್ನ ಫಾರಿನ್ ಗೊಂಬೆ?"

ಬಸವರಾಜನ ಬೆರಳು ಜಗಲಿಯತ್ತ ಏರಿತು.

"ಗೊಂಬಿ ಹೆಂಗ ಹೊರಳತೈತಿ, ಕುತ್ತಿಗಿ ತಿರುವಿ ತೋರಿಸ್ತೀನ್ರಿ" ಎಂದು ಕೈ ಚಾಚಿದ. ಗಂಗಕ್ಕ ಅಡ್ಡ ನಿಂತಳು. "ಲೇ ಬಸ್ಯಾ! ಆರತಿ ಆದ ತಾಯಿ ಕುತ್ತಿಗಿ ತಿರುವ್ತೀಯೇನಲೇ?"

ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದರು. "ಬೇಡಪ್ಪಾ, ನಾನೂ ಹೆಂಡತಿ ಮಕ್ಕಳಿರೋನು!"

ಬಸವರಾಜನ ಮುಖ ಸಣ್ಣಗಾಯಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನಮ್ಮ ಯಜಮಾನರು ನನ್ನತ್ತ ತಿರುಗಿ, "ನನ್ನ ತಮ್ಮನ ಕೆಲಸಕ್ಕ ಮಂಗಳಾರತಿ ಎತ್ತಿಬಿಟ್ಟೆಲ್ಲ ತಾಯಿ!" ಎಂದರು.

"ಸಾಹೇಬ್ರ, ಅಂವ ಹೇಳಿದ್ದು ಹಿಂಗಲ್ರಿ. ಕೆಡಿಸಿದಾಕಿ ನಾನು" ಎಂದೆ.

"ಹಾಗಾದರೆ ನೀನು ಹೇಳಿದ್ದು ಹೇಗಿತ್ತು? ಬರೆದು ತೋರಿಸು" ಎಂದರು ಸಾಹೇಬರು. ಬಸವರಾಜ ರಂಗೋಲಿ ಬಟ್ಟಲು ಎಳೆದುಕೊಂಡು ನೆಲದ ಮೇಲೆಯೇ ದೊರೆಸಾನಿ, ಅವಳ ಮನೆ, ಬೀಳುವ ಹಿಮ ಎಲ್ಲ ಬರೆದ. ಸಾಹೇಬರು ಕುಕ್ಕರುಗಾಲಲ್ಲಿ ಕುಳಿತೇ ನೋಡಿದರು.

"ಮದ್ರಾಸಿಗೆ ಬಾ. ಗೊಂಬೆ ಅಲ್ಲೇ ಮಾಡೋಣ" ಎಂದರು. ಹೊಸ್ತಿಲಲ್ಲಿ ನಿಂತು ಮತ್ತೆ ಹೇಳಿದರು: "ಅತ್ತಿಗೆಯವರನ್ನ ಮಾತ್ರ ಕರ್ಕೊಂಡು ಬರಬೇಡ!"

ಶಿವ ದೊಡ್ಡವನು. ಮೈದುನನಿಗೆ ಕೆಲಸವಾಯಿತು. ಅದೂ ನಾನು ದೂರ ಇರಬೇಕೆಂಬ ಒಂದೇ ಷರತ್ತಿನ ಮೇಲೆ! ಇಷ್ಟು ಸುಲಭದಲ್ಲಿ ಉಪಕಾರ ಮಾಡುವ ಭಾಗ್ಯ ಯಾವ ಅತ್ತಿಗೆಗೆ ಉಂಟು? ಸೀರೆ ಎತ್ತಿ ಸಿಕ್ಕಿಸಿ, ಚಹದ ಲೋಟ ತೊಳೆಯಲು ಕುಳಿತೆ.