ಹೆಸರು ಹಾಕಿದ ಪಾತ್ರೆ ವಾಪಸ್ ಇಲ್ಲ

ಹಾನಗಲ್ಲಿನಲ್ಲಿ ಪಾತ್ರೆ ಅಂಗಡಿ ಇಟ್ಟವನಿಗೆ ನಗುವುದಕ್ಕೆ ಬರವಿಲ್ಲ. ಮದುವೆ ಗೊತ್ತಾದವರೆಲ್ಲ ನಮ್ಮ ಮೆಟ್ಟಿಲು ಹತ್ತುತ್ತಾರೆ. ಅವರು ಆರಿಸಿದ ಪಾತ್ರೆಗಳ ಮೇಲೆ ನಾನು ಸಣ್ಣ ಮಷಿನ್ ಹಿಡಿದು ಹೆಸರು ಕೊರೆಯುತ್ತೇನೆ. ಹೆಸರು ಹಾಕಿದ ಪಾತ್ರೆ ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ಗೋಡೆಗೆ ಬೋರ್ಡೂ ಹಾಕಿದ್ದೆ. ಆ ಬೋರ್ಡು ನನ್ನ ಮಗಳ ಬದುಕಿಗೇ ಬಡಿಯುತ್ತದೆಂದು ಗೊತ್ತಿರಲಿಲ್ಲ.

೧. ಸೋರದ ಕೊಡ

ಹಿರೇಕೆರೂರ ಕಡೆಯ ಒಬ್ಬ ತಾಯಿ ಮಗಳ ಮದುವೆಗೆ ಕೊಡ ಕೊಳ್ಳಲು ಬಂದಳು. ಬಡಿದು ನೋಡಿದಳು, ಬೆಳಕಿಗೆ ಹಿಡಿದಳು, ನೀರು ತುಂಬಿಸಿ ಅರ್ಧ ತಾಸು ಕಟ್ಟೆಯ ಮೇಲೆ ಇಡಿಸಿದಳು. ಒಂದು ಹನಿಯೂ ಸೋರಲಿಲ್ಲ. ವರ ಹೇಗಿದ್ದಾನೆ ಎಂದು ಸುಮ್ಮನೆ ಕೇಳಿದೆ.

“ನಾವೆಲ್ಲಿ ನೋಡೇವ್ರಿ. ಫೋಟೋದಾಗ ಚಂದ ಅದಾನ,” ಎಂದಳು.

೨. ಕುಕ್ಕರ್ ಒಬ್ಬರದು, ಮುಚ್ಚಳ ಒಬ್ಬರದು

ಶಿಗ್ಗಾಂವದಿಂದ ಒಂದು ಜೋಡಿ ಬಂತು, ಇಬ್ಬರೂ ನೌಕರಿಯವರು. ಕುಕ್ಕರಿನ ಮೇಲೆ ಅವಳ ಹೆಸರು, ಮುಚ್ಚಳದ ಮೇಲೆ ಅವನ ಹೆಸರು ಹಾಕಿ ಎಂದರು. ಮದುವೆ ಯಾವಾಗ ಎಂದೆ. ಇನ್ನೂ ಇಲ್ಲ, ಒಂದು ವರ್ಷ ಕೂಡಿ ಇದ್ದು ನೋಡುತ್ತೇವೆ, ಹೊಂದದಿದ್ದರೆ ಅವರವರದು ಅವರವರಿಗೆ ಎಂದರು. ಮಷಿನ್ ಕೆಳಗಿಟ್ಟೆ. ಹಾಗಾದರೆ ಬರೀ ಮುಚ್ಚಳ ಒಯ್ದವನು ಅನ್ನ ಹೇಗೆ ಮಾಡುತ್ತಾನೆ ಎಂದು ಕೇಳಿದೆ.

“ಅದಕ್ಕ ಹಂಗ ಹಂಚೇವ್ರಿ ಕಾಕಾ,” ಎಂದಳು ಹುಡುಗಿ. “ಜಗಳ ಆಡಿ ಹೋದ್ರೂ ಹಸಿವಾದಾಗ ವಾಪಸ್ ಬರಬೇಕು.”

೩. ಗಂಗಾಳ

ಈ ಜೋಡಿಯ ಕತೆ ಮನೆಯಲ್ಲಿ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಮಗಳು ನಗಲಿಲ್ಲ. ಅವಳಿಗೆ ಆಗಷ್ಟೇ ಸವಣೂರಿನ ಗಂಡು ಗೊತ್ತಾಗಿತ್ತು. ಕೂಡಿ ಇರುವುದು ಬೇಡ, ಮದುವೆ ಆರು ತಿಂಗಳು ಮುಂದೆ ಹಾಕು, ನಾಲ್ಕು ಸಲ ಭೇಟಿಯಾಗಿ ಮಾತಾಡಲು ಬಿಡು ಎಂದು ಕೇಳಿದಳು. ಊರವರು ಏನಂದಾರು ಎಂದು ಗದರಿಸಿದೆ. ಮರುದಿನವೇ ಅವಳ ಎಲ್ಲ ಪಾತ್ರೆಗಳ ಮೇಲೂ ಅಳಿಯನ ಹೆಸರು ಕೊರೆದೆ, ಆಳವಾಗಿ.

ವರ್ಷ ತುಂಬುವುದರೊಳಗೆ ಮಗಳೂ ಪಾತ್ರೆಗಳೂ ಒಂದೇ ಟಂಟಂ ಗಾಡಿಯಲ್ಲಿ ವಾಪಸ್ ಬಂದರು. ಅವನು ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಅವಳ ಜೊತೆ ಮಾತೇ ಆಡುತ್ತಿರಲಿಲ್ಲ. ನಾಲ್ಕು ಭೇಟಿಯಲ್ಲಿ ಗೊತ್ತಾಗುವ ವಿಷಯ. ಅಷ್ಟನ್ನೂ ನಾನು ಕೊಡಲಿಲ್ಲ. ಆ ಹೆಸರನ್ನು ವಾರಗಟ್ಟಲೆ ಕೂತು ಉಜ್ಜಿದೆ, ಹೋಗಲಿಲ್ಲ. ಬೋರ್ಡು ಮಾತ್ರ ಇಳಿಸಿದೆ.

ಈಗ ಅವಳು ನನ್ನ ಜೊತೆ ಅಂಗಡಿಯಲ್ಲಿ ಕೂರುತ್ತಾಳೆ. ಮೊನ್ನೆ ಅವಳು ಉಣ್ಣಲೆಂದೇ ಒಂದು ಹೊಸ ಗಂಗಾಳ ತೆಗೆದೆ. ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ. ಅದರ ಬದಲು, ಅವಳದೇ ಹೆಸರು ಕೊರೆದು ಕೊಡೋಣವೆಂದು ಮಷಿನ್ ಹಚ್ಚಿದೆ. ಅವಳು ಮೆಲ್ಲಗೆ ನನ್ನ ಕೈ ಹಿಡಿದಳು.

“ತಡಿ ಅಪ್ಪಾ. ಮೊದ್ಲ ಆರು ತಿಂಗಳು ಉಂಡು ನೋಡ್ತೇನಿ. ಹೊಂದಿದ್ರ ಆಮ್ಯಾಲ ಹೆಸರು ಹಾಕೀಯಂತ.”