ಡಿಕ್ಕಿ ಮೇಲಿನ ರೆಕ್ಕೆ

ಬೇಲೂರಿನಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುವವನಿಗೆ ನಗುವುದಕ್ಕೆ ಬೇರೆ ಖರ್ಚು ಬೇಕಾಗಿಲ್ಲ. ಬೆಳಿಗ್ಗೆ ಕಾರಿನ ಬೀಗ ತೆಗೆದರೆ ಸಾಕು, ಏನಾದರೊಂದು ಆಗಿಯೇ ಆಗುತ್ತದೆ. ಬ್ರೇಕ್ ಅಂದರೆ ಕಣ್ಣು ಮುಚ್ಚಿಕೊಳ್ಳುವವರು, ಎಡಕ್ಕೆ ಅಂದರೆ ಯಾವ ಕೈಯಲ್ಲಿ ಊಟ ಮಾಡುತ್ತೇವೆ ಎಂದು ಯೋಚಿಸಿ ಆಮೇಲೆ ತಿರುಗಿಸುವವರು, ಹಾರನ್ ಹೊಡೆದು ತಾವೇ ಬೆಚ್ಚಿಬೀಳುವವರು, ಎಲ್ಲರನ್ನೂ ಕಂಡಿದ್ದೇನೆ. ಆದರೆ ಕಳೆದ ವರ್ಷ ನಡೆದದ್ದೆಲ್ಲ ಒಂದೇ ವಸ್ತುವಿನ ಸುತ್ತ ನಡೆಯಿತು. ಅದು ನಮ್ಮ ಕಾರಿನ ಡಿಕ್ಕಿ ಮೇಲಿದ್ದ ಪ್ಲಾಸ್ಟಿಕ್ ರೆಕ್ಕೆ. ತಿಳಿದವರು ಅದನ್ನು ಸ್ಪಾಯ್ಲರ್ ಅನ್ನುತ್ತಾರೆ.

ಅರಸೀಕೆರೆಯಿಂದ ಬಂತು

ಹಳೆಯ ಕಾರು ಕೈಕೊಟ್ಟಿತ್ತು. ಅರಸೀಕೆರೆಯಲ್ಲಿ ಒಬ್ಬರು ಸೆಕೆಂಡ್ ಹ್ಯಾಂಡ್ ಕಾರು ಕೊಡಿಸುತ್ತಾರೆ ಅಂತ ಗೊತ್ತಾಗಿ ಹೋದೆ. ಅವರ ಅಸಲು ವ್ಯಾಪಾರ ಕೊಬ್ಬರಿ. ಕಾರು ಬಿಡುವಿನ ವೇಳೆಗೆ. ಮಂಡಿಯ ಮುಂದೆಯೇ ಒಂದು ಬಿಳಿ ಕಾರು ನಿಂತಿತ್ತು. ಅವರು ತೆಂಗಿನಕಾಯಿ ನೋಡುವ ಹಾಗೆ ಬಾನೆಟ್ಟಿನ ಮೇಲೆ ಬೆರಳಲ್ಲಿ ಬಡಿದು, ಸದ್ದು ಕೇಳಿ, ಒಳ್ಳೆ ಗಾಡಿ ಅಂದರು. ನಾನು ಹಿಂದಕ್ಕೆ ಹೋಗಿ ನೋಡಿದರೆ ಡಿಕ್ಕಿಯ ಮೇಲೆ ಒಂದು ಅಗಲವಾದ ರೆಕ್ಕೆ. ಇದೇನಿದು, ಬಟ್ಟೆ ಒಣಗಿಸೋಕಾ ಎಂದೆ.

ಅವರಿಗೆ ಬೇಜಾರಾಯಿತು. ಹಿಂದಿನ ಓನರ್ ಶೋಕಿ ಹುಡುಗನಂತೆ, ಆಸೆಪಟ್ಟು ಹಾಕಿಸಿದ್ದನಂತೆ, ಬೇಕೆಂದರೂ ಎಲ್ಲರಿಗೂ ಸಿಗುವಂಥದ್ದಲ್ಲವಂತೆ. ಕೊನೆಗೆ ದನಿ ತಗ್ಗಿಸಿ ಗುಟ್ಟು ಹೇಳುವವರಂತೆ ಹೇಳಿದರು: "ಎಷ್ಟೇ ಸ್ಪೀಡಲ್ಲಿ ಹೋಗ್ರೀ, ಇದು ಇದ್ರೆ ಗಾಡಿ ನೆಲ ಬಿಟ್ಟು ಏಳಲ್ಲ."

"ಸ್ವಾಮಿ, ನನ್ನದು ಡ್ರೈವಿಂಗ್ ಸ್ಕೂಲು. ನಮ್ಮಲ್ಲಿ ಗಾಡಿ ಮೇಲೇಳೋದಿರಲಿ, ಮುಂದಕ್ಕೆ ಹೋದರೇ ಹಬ್ಬ," ಅಂದೆ.

ಆದರೂ ಎಂಜಿನ್ ಚೆನ್ನಾಗಿತ್ತು. ರೆಕ್ಕೆ ಸಮೇತ ತಂದೆ.

ಗಾಳಿಯ ಪಾಠ

ಆಗ ನನ್ನ ಹತ್ತಿರ ಬೆಳಗಿನ ಬ್ಯಾಚಿಗೆ ಇಬ್ಬರು ಬರುತ್ತಿದ್ದರು. ಒಬ್ಬ ಬ್ಯಾಂಕಿನ ಕ್ಯಾಷಿಯರ್. ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್, ಎಣಿಸುವುದು ನೋಟು. ಇನ್ನೊಬ್ಬರು ಹೆಡ್‌ಮಿಸ್. ಬೇಲೂರಿನಲ್ಲಿದ್ದವರಿಗೆ ಗೆಂಡೆಹಳ್ಳಿ ಕಡೆಯ ಒಂದು ಶಾಲೆಗೆ ವರ್ಗವಾಗಿತ್ತು. ಇವರು ಹೋಗುವ ಬಸ್ಸು ತಲುಪುವ ಹೊತ್ತಿಗೆ ಅಲ್ಲಿ ಪ್ರಾರ್ಥನೆ ಮುಗಿದು, ಮೊದಲ ಪೀರಿಯಡ್ ಅರ್ಧವಾಗಿರುತ್ತಿತ್ತು. ಮಕ್ಕಳಿಗೆ ತಡವಾಗಿ ಬರಬೇಡಿ ಎಂದು ಹೇಳಬೇಕಾದವಳೇ ದಿನಾ ತಡವಾಗಿ ಹೋದರೆ ಯಾವ ಮುಖ ಇಟ್ಟುಕೊಂಡು ಹೇಳಲಿ ಎಂದು ಅವರಿಗೆ ಕೊರಗು. ಮನೆಯಲ್ಲಿ ಯಜಮಾನರ ಕಾರು ಇತ್ತು. ಯಜಮಾನರು ತಾಲ್ಲೂಕು ಆಫೀಸಿಗೆ ನಡೆದೇ ಹೋಗುತ್ತಿದ್ದರು, ಕಾರು ಕವರ್ ಹೊದ್ದು ಮಲಗಿರುತ್ತಿತ್ತು. ಲೈಸೆನ್ಸ್ ಒಂದು ಆದರೆ ನಾನೇ ಓಡಿಸಿಕೊಂಡು ಹೋಗುತ್ತೇನೆ ಎಂದು ಮೇಡಂ ಪಣ ತೊಟ್ಟಿದ್ದರು.

ಒಂದು ದಿನ ಯಗಚಿ ಸೇತುವೆಯ ಆಚೆ ಕ್ಯಾಷಿಯರ್ ಸ್ಟೀರಿಂಗ್ ಹಿಡಿದಿದ್ದ. ಮೇಡಂ ಹಿಂದಿನ ಸೀಟಿನಲ್ಲಿದ್ದರು. ಈ ರೆಕ್ಕೆ ಯಾಕಿದೆ ಎಂದು ಅವರು ಸುಮ್ಮನೆ ಕೇಳಿದ್ದೇ ತಡ, ಅವನಿಗೆ ಓದಿದ್ದೆಲ್ಲ ನೆನಪಾಯಿತು. ಕಾರು ಜೋರಾಗಿ ಹೋಗುವಾಗ ಗಾಳಿ ಅದರ ಹಿಂಭಾಗವನ್ನು ಎತ್ತಲು ನೋಡುತ್ತದೆ, ರೆಕ್ಕೆ ಅದನ್ನು ತಡೆದು ಕೆಳಕ್ಕೆ ಒತ್ತುತ್ತದೆ. ಎಂಜಿನ್ನಿನ ಬಲ ಹಿಂದಿನ ಚಕ್ರಕ್ಕೆ ಹೋಗುವ ರೇಸ್ ಕಾರಿಗೆ ಅದರಿಂದ ಹಿಡಿತ ಸಿಗುತ್ತದೆ. ನಮ್ಮ ಈ ಕಾರನ್ನು ಎಳೆಯುವುದು ಮುಂದಿನ ಚಕ್ರ. ಎತ್ತು ಎಳೆಯುವುದು ಮುಂದೆ, ಇಲ್ಲಿ ಭಾರ ಹೇರಿರುವುದು ಗಾಡಿಯ ಬಾಲದ ಮೇಲೆ. ಪ್ರಯೋಜನ ಇಲ್ಲವೇ ಇಲ್ಲ ಅಂತಲ್ಲ, ಹೈವೇಯಲ್ಲಿ ನೂರರ ಮೇಲೆ ಹೋದರೆ ಹಿಂಭಾಗ ಓಲಾಡದ ಹಾಗೆ ಸ್ವಲ್ಪ ನೋಡಿಕೊಳ್ಳಬಹುದು, ಎಳೆಯುವುದಕ್ಕಂತೂ ಸಹಾಯವಿಲ್ಲ ಎಂದ. ಚೆನ್ನಾಗಿಯೇ ಹೇಳಿದ. ಮೇಡಂ ತಲೆದೂಗಿದರು.

ಇಷ್ಟು ಹೇಳುವಷ್ಟರಲ್ಲಿ ಗಾಡಿ ಅಲ್ಲೇ ಗುರುಗುಟ್ಟಿ ಗುರುಗುಟ್ಟಿ ಆಫ್ ಆಗಿತ್ತು. ಮತ್ತೆ ಸ್ಟಾರ್ಟ್ ಮಾಡಿದ, ಮತ್ತೆ ಆಫ್. ಹಿಂದೆ ಕೆಎಸ್ಸಾರ್ಟಿಸಿ ಬಸ್ಸು ಹಾರನ್ ಒತ್ತುತ್ತಿತ್ತು. ನನಗೆ ಸಿಟ್ಟು ನೆತ್ತಿಗೇರಿತು.

"ನೂರರ ಮೇಲೆ ಹಿಂಭಾಗ ಏನಾಗುತ್ತೆ ಅಂತ ಆಮೇಲೆ ನೋಡೋಣಪ್ಪ. ಈಗ ಹ್ಯಾಂಡ್ ಬ್ರೇಕ್ ಇಳಿಸು."

ಮಂಗಳಾರತಿ

ಆಯುಧಪೂಜೆಗೆ ಪಕ್ಕದ ಮನೆಯ ಅರ್ಚಕರು ಬಂದರು. ಬಾನೆಟ್ಟಿಗೆ ಅರಿಶಿನ, ಕುಂಕುಮ, ಹಾರ; ಚಕ್ರಕ್ಕೆ ನಿಂಬೆಹಣ್ಣು. ಎಲ್ಲ ಸಾಂಗವಾಗಿ ನಡೆಯಿತು. ಬಾನೆಟ್ ಇಳಿಜಾರಾಗಿದ್ದರಿಂದ ಅದರ ಮೇಲೆ ಏನಿಟ್ಟರೂ ಜಾರುತ್ತಿತ್ತು. ಅವರು ಸುತ್ತ ಕಣ್ಣಾಡಿಸಿ, ಹಿಂದಕ್ಕೆ ಬಂದು, ಉರಿಯುವ ಕರ್ಪೂರದ ತಟ್ಟೆಯನ್ನು ನೆಟ್ಟಗೆ ರೆಕ್ಕೆಯ ಮೇಲಿಟ್ಟು, ಕಣ್ಣು ಮುಚ್ಚಿ ಮಂತ್ರ ಹೇಳತೊಡಗಿದರು. ಮಂತ್ರ ಸ್ವಲ್ಪ ಉದ್ದವೇ ಇತ್ತು.

ನನ್ನ ಹೆಂಡತಿಗೆ ಮೊದಲು ವಾಸನೆ ಬಡಿಯಿತು. ಕರ್ಪೂರದ್ದಲ್ಲ ಇದು ಎಂದಳು. ತಟ್ಟೆ ಎತ್ತಿ ನೋಡಿದರೆ ಪ್ಲಾಸ್ಟಿಕ್ ಕರಗಿ, ರೆಕ್ಕೆಯ ನಟ್ಟನಡುವೆ ದುಂಡಗೆ ಕಪ್ಪು ಗುಳಿ. ನಾನು ಬಾಯಿ ತೆರೆಯುವ ಮೊದಲೇ ಅರ್ಚಕರು ಗುಳಿಯನ್ನು ದಿಟ್ಟಿಸಿ ನೋಡಿ, ಇಷ್ಟು ದುಂಡಗೆ ಮನುಷ್ಯರು ಮಾಡೋಕಾಗಲ್ಲ, ದೈವಕೃಪೆ ಎಂದರು. ದಕ್ಷಿಣೆ ಕೊಡುವಾಗ ನನ್ನ ಮುಖ ಹೇಗಿತ್ತೋ, ಹೆಂಡತಿ ಸಮಾಧಾನ ಮಾಡಲು ಒಳಗಿನಿಂದ ಕಾಫಿ ತಂದಳು. ಲೋಟವನ್ನು ಗುಳಿಯಲ್ಲಿಟ್ಟಳು. ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತು.

"ನೋಡಿ, ಇದಕ್ಕೇನು ಪ್ರಯೋಜನ ಅಂತಿದ್ರಲ್ಲ," ಎಂದಳು.

ಮೇಡಂ ಕಂಡುಹಿಡಿದದ್ದು

ಮೇಡಂಗೆ ಮುಂದಕ್ಕೆ ಓಡಿಸುವುದು ಬೇಗ ಬಂತು. ತೊಂದರೆಯಿದ್ದದ್ದು ರಿವರ್ಸಿನಲ್ಲಿ. ಟೆಸ್ಟಿನಲ್ಲಿ ನೆಟ್ಟ ಕಂಬಗಳ ನಡುವೆ ಹಿಂದಕ್ಕೆ ಬಂದು ನಿಲ್ಲಿಸಬೇಕು. ಅವರು ಬಂದರೆ ಎಡಗಡೆಯ ಕಂಬ ಬೀಳುತ್ತಿತ್ತು. ಅದನ್ನು ಉಳಿಸಲು ಹೋದರೆ ಬಲಗಡೆಯದು. ಒಂದು ಸಲ ಟೆಸ್ಟಿಗೆ ಹೋಗಿ ಫೇಲಾಗಿ ಬಂದಿದ್ದರು. ಶಾಲೆಯ ಮಕ್ಕಳು, ಹೋಗಲಿ ಬಿಡಿ ಮಿಸ್, ಇನ್ನೊಂದ್ಸಲ ಬರೀರಿ ಎಂದು ಸಮಾಧಾನ ಮಾಡಿದರಂತೆ. ಈಗ ಎಲ್.ಎಲ್.ಆರ್. ಅವಧಿಯೂ ಮುಗಿಯುತ್ತಾ ಬಂದಿತ್ತು. ಮುಂದಿನ ಶುಕ್ರವಾರದ ಟೆಸ್ಟಿನಲ್ಲಿ ಆಗದಿದ್ದರೆ ಮತ್ತೆ ಮೊದಲಿನಿಂದ ಶುರು. ನಾನು ರೇಗಿ ರೇಗಿ ಗಂಟಲು ಕೆಡಿಸಿಕೊಂಡಿದ್ದೆ. ಹೆಡ್‌ಮಿಸ್ಸನ್ನು ಬೈಯುವ ಯೋಗ ಎಲ್ಲರಿಗೂ ಸಿಗುವುದಿಲ್ಲವಾದರೂ, ನಿಜ ಹೇಳಬೇಕೆಂದರೆ ನನಗೆ ಅವರ ಹಟ ಕಂಡು ಗೌರವವಿತ್ತು.

ಒಂದು ದಿನ ಇದ್ದಕ್ಕಿದ್ದಂತೆ ಅವರು ನೂಲು ಹಿಡಿದ ಹಾಗೆ ಹಿಂದಕ್ಕೆ ಬಂದು ಕಂಬಗಳ ಮಧ್ಯೆ ನಿಲ್ಲಿಸಿದರು. ಇನ್ನೊಮ್ಮೆ ಮಾಡಿ ಎಂದೆ. ಇನ್ನೊಮ್ಮೆಯೂ ಹಾಗೇ ಬಂದರು. ಹೇಗೆ ಮೇಡಂ ಎಂದು ಕೇಳಿದೆ. ಅವರು ಒಳಗಿನ ಕನ್ನಡಿ ತೋರಿಸಿದರು. ಕನ್ನಡಿಯಲ್ಲಿ ರೆಕ್ಕೆ, ರೆಕ್ಕೆಯ ನಡುವೆ ಆ ಕರ್ಪೂರದ ಕಪ್ಪು ಕಲೆ ಕಾಣುತ್ತದೆ. ಆ ಕಲೆ ಹಿಂದಿನ ನಡುಗಂಬಕ್ಕೆ ನೇರವಾಗಿರುವ ಹಾಗೆ ನೋಡಿಕೊಂಡರೆ ಗಾಡಿ ಸೊಟ್ಟಗಾಗುವುದಿಲ್ಲ ಎಂದರು. ಅವತ್ತಿನಿಂದ ನಾನು ಎಲ್ಲರಿಗೂ ಅದನ್ನೇ ಕಲಿಸಿದೆ. ಕ್ಯಾಷಿಯರ್ ಮಾತ್ರ, ಸ್ಪಾಯ್ಲರ್ ಇರುವುದು ಗಾಳಿಗೆ, ಕಂಬಕ್ಕಲ್ಲ ಎಂದು ಗೊಣಗುತ್ತ, ಗಾಳಿಯ ಲೆಕ್ಕದಲ್ಲೇ ರಿವರ್ಸ್ ಬಂದ. ಬೇಲಿಯೊಳಗೆ ಸಿಕ್ಕ.

ಹುಲಿಕೆರೆ ಹತ್ತಿರ

ಟೆಸ್ಟಿನ ಹಿಂದಿನ ದಿನ ಇಬ್ಬರನ್ನೂ ಹಳೇಬೀಡಿನವರೆಗೆ ಓಡಿಸಿಕೊಂಡು ಹೋದೆ. ವಾಪಸು ಬರುವಾಗ ಹುಲಿಕೆರೆ ಹತ್ತಿರ ಎದುರಿನಿಂದ ಟ್ರ್ಯಾಕ್ಟರ್ ಬಂತು. ಕ್ಯಾಷಿಯರ್ ಮರ್ಯಾದೆಯಿಂದ ದಾರಿ ಬಿಟ್ಟ. ಎಷ್ಟು ಮರ್ಯಾದೆ ಎಂದರೆ ಮುಂದಿನ ಎರಡೂ ಚಕ್ರ ಪಕ್ಕದ ಕೆಸರಿಗಿಳಿದವು. ಆಕ್ಸಿಲರೇಟರ್ ಒತ್ತಿದರೆ ಚಕ್ರ ಸುತ್ತುತ್ತಿತ್ತು, ಗಾಡಿ ಅಲ್ಲೇ ಇತ್ತು. ಮುಂದಿನ ಚಕ್ರಕ್ಕೆ ಭಾರ ಬೇಕು, ಯಾರಾದರೂ ಬಾನೆಟ್ ಮೇಲೆ ಕೂತುಕೊಳ್ಳಿ ಎಂದು ಅವನು ಸಲಹೆ ಕೊಟ್ಟ. ಅಲ್ಲಿದ್ದದ್ದು ನಾನು ಮತ್ತು ಹೆಡ್‌ಮಿಸ್. ನಾನು ಅವನ ಮುಖ ನೋಡಿದೆ.

ಅಷ್ಟರಲ್ಲಿ ಟ್ರ್ಯಾಕ್ಟರ್‌ನವರು ಇಳಿದು ಬಂದರು. ಹಿಂದಕ್ಕೆ ಎಳೆದುಬಿಡೋಣ ಎಂದರು. ಅವರಲ್ಲಿ ಹಿರಿಯನೊಬ್ಬ ರೆಕ್ಕೆಯನ್ನು ತಟ್ಟಿ, "ಏನ್ಲಾ ನೋಡ್ತಾ ನಿಂತಿದ್ದೀರಾ, ಹಿಡ್ಕಳಾಕೆ ಅಂತ್ಲೇ ಹಿಡಿ ಮಡಗವ್ರೆ," ಎಂದ. ಬೇಡ ಬೇಡ ಎಂದು ನಾನು ಓಡಿ ಬರುವಷ್ಟರಲ್ಲಿ ಎಲ್ಲರೂ ಸೇರಿ ಹೇಯ್ಸಾ ಎಂದು ಎಳೆದಿದ್ದರು. ಲಟಕ್ ಎಂದಿತು. ಗಾಡಿ ಇದ್ದಲ್ಲೇ ಇತ್ತು. ರೆಕ್ಕೆ ಅವರ ಕೈಯಲ್ಲಿತ್ತು, ಅವರೆಲ್ಲ ರಸ್ತೆಯಲ್ಲಿ ಅಂಗಾತ ಬಿದ್ದಿದ್ದರು. ಆಮೇಲೆ ಹಗ್ಗ ಕಟ್ಟಿ ಟ್ರ್ಯಾಕ್ಟರಿನಿಂದಲೇ ಎಳೆದರು.

ಹೊರಡುವಾಗ ಆ ಹಿರಿಯ ತನ್ನ ಪಂಚೆ ಕೊಡವಿಕೊಂಡು ರೆಕ್ಕೆಯನ್ನು ನನ್ನ ಕೈಗೆ ಕೊಟ್ಟು, "ಗಾಡಿ ಚೆನ್ನಾಗೈತೆ ಸಾಮಿ. ಹಿಡಿ ಮಾತ್ರ ಗಟ್ಟಿಯಾದ್ದು ಹಾಕ್ಸಿ," ಎಂದ.

ನನಗೆ ನಗು ಬಂತು. ತಿರುಗಿ ನೋಡಿದರೆ ಮೇಡಂ ಕಣ್ಣಲ್ಲಿ ನೀರಿತ್ತು. ನಾಳೆ ಏನು ನೋಡಿಕೊಂಡು ಬರಲಿ ಎಂದರು. ನನ್ನ ನಗು ಅಲ್ಲೇ ಇಂಗಿತು.

ಶುಕ್ರವಾರದ ಟೆಸ್ಟು

ಬೆಳಿಗ್ಗೆ ನಾನು ಮುರಿದ ರೆಕ್ಕೆಯನ್ನು ಕಂಕುಳಲ್ಲಿಟ್ಟುಕೊಂಡೇ ಟೆಸ್ಟ್ ಮೈದಾನಕ್ಕೆ ಹೋದೆ. ಅದರ ಬುಡವೇ ಕಿತ್ತುಹೋಗಿ ಅಂಟಿಸಲು ಏನೂ ಉಳಿದಿರಲಿಲ್ಲ. ಮೇಡಂ ರಿವರ್ಸ್ ತೆಗೆದುಕೊಳ್ಳುವಾಗ ಕೈಯಲ್ಲೇ ಡಿಕ್ಕಿಗೆ ಒತ್ತಿ ಹಿಡಿದುಕೊಂಡು ಜೊತೆಗೆ ನಡೆದರಾಯಿತು ಅಂತ ನನ್ನ ಲೆಕ್ಕ. ಮೇಡಂ ಸರದಿ ಬಂದಾಗ ಹಾಗೇ ಹಿಡಿದು ನಿಂತೆ. ಇನ್ಸ್‌ಪೆಕ್ಟರ್ ಕನ್ನಡಕ ಸರಿಮಾಡಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಏನ್ರೀ ಅದು?"

"ಸ್ಪಾಯ್ಲರ್ ಸಾರ್."

"ಫ್ರಂಟ್ ವೀಲ್ ಡ್ರೈವ್ ಗಾಡಿಗೆ ಅದರಿಂದ ಏನು ಉಪಯೋಗ?"

"ರಿವರ್ಸಲ್ಲಿ ಬಹಳ ಉಪಯೋಗ ಸಾರ್," ಎಂದೆ.

ಅವರಿಗೆ ಅದು ರುಚಿಸಲಿಲ್ಲ. ಅದನ್ನು ತೆಗೆದುಕೊಂಡು ಹೋಗಿ ಆ ಕೊನೆಯ ಕಂಬದ ಆಚೆ ನಿಲ್ಲಿ, ಈ ಕಡೆ ಬಂದರೆ ಟೆಸ್ಟೇ ಕ್ಯಾನ್ಸಲ್ ಎಂದರು. ಹೋಗಿ ನಿಂತೆ. ಬಿಸಿಲು ಚುರುಗುಟ್ಟುತ್ತಿತ್ತು. ದೂರದಲ್ಲಿ ಮೇಡಂ ಕನ್ನಡಿ ಸರಿಮಾಡಿಕೊಳ್ಳುವುದು ಕಂಡಿತು. ನಾನು ಟೆಸ್ಟಿಗೆ ಕಳಿಸಿದವರು ಎಷ್ಟೋ ಜನ ಫೇಲಾಗಿದ್ದಾರೆ, ಯಾರಿಗಾಗಿಯೂ ನಾನು ದೇವರನ್ನು ಕರೆದವನಲ್ಲ, ಅವತ್ತು ಕರೆದೆ. ದೇವರೇ, ಕಂಬಗಳು ನಿಂತಿರಲಿ ಎಂದುಕೊಂಡೆ. ಮೇಡಂ ಕಿಟಕಿಯಿಂದ ತಲೆ ಹೊರಗೆ ಹಾಕಿ, ಕ್ಲಾಸಿನಲ್ಲಿ ಹೇಳುವ ದನಿಯಲ್ಲಿ ಹೇಳಿದರು:

"ಸಾರ್, ಅಲ್ಲೇ ನಿಂತಿರಿ. ಸ್ವಲ್ಪವೂ ಅಲ್ಲಾಡಬೇಡಿ."

ಕಾರು ಹಿಂದಕ್ಕೆ ಹೊರಟಿತು. ನೇರವಾಗಿ ಬಂತು, ಕಂಬಗಳನ್ನು ದಾಟುತ್ತಾ ಬಂತು, ನನ್ನ ಕಡೆಗೇ ಬಂತು. ಓಡೋಣ ಅನ್ನಿಸಿತು. ಆದರೆ ಹೆಡ್‌ಮಿಸ್ ಅಲ್ಲಾಡಬೇಡಿ ಅಂದ ಮೇಲೆ ಕಾಲು ಏಳಲಿಲ್ಲ, ಮೂರನೇ ಕ್ಲಾಸಿನ ಭಯವೇ ಅಂಥದ್ದು. ಮೊಣಕಾಲಿಗೆ ಒಂದು ಗೇಣು ಇರುವಾಗ ಕಾರು ನಿಂತಿತು. ಒಂದು ಕಂಬವೂ ಬಿದ್ದಿರಲಿಲ್ಲ. ಇನ್ಸ್‌ಪೆಕ್ಟರ್ ಹತ್ತಿರ ಬಂದು, ಎರಡೂ ಕಡೆ ನೋಡಿ, ಪಾಸ್ ಎಂದರು. ನನ್ನ ಕಣ್ಣು ಒದ್ದೆಯಾಯಿತು. ಅದು ಭಯಕ್ಕೋ ಸಂತೋಷಕ್ಕೋ ಹೇಳಲಾರೆ.

ರೆಕ್ಕೆಯಿಲ್ಲದೆ ಹೇಗೆ ಬಂದಿರಿ ಮೇಡಂ ಎಂದು ಕೇಳಿದೆ. ಅವರು ಸ್ವಲ್ಪ ಸಂಕೋಚಪಟ್ಟರು. ಆಮೇಲೆ, ತಪ್ಪು ತಿಳಿಯಬೇಡಿ ಸಾರ್, ಬಿಸಿಲಿಗೆ ನಿಮ್ಮ ತಲೆ ಕನ್ನಡಿಯಲ್ಲಿ ಫಳಫಳ ಹೊಳೀತಿತ್ತು, ಅದನ್ನೇ ಮಧ್ಯಕ್ಕೆ ಇಟ್ಟುಕೊಂಡು ಬಂದೆ ಎಂದರು. ನನ್ನ ತಲೆಯಲ್ಲಿ ಒಂದು ಕೂದಲೂ ಇಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು. ಕ್ಯಾಷಿಯರ್ ಹತ್ತಿರದಲ್ಲೇ ನಿಂತು ನಗುತ್ತಿದ್ದ. ಅವನೂ ಪಾಸಾದ, ನಗುವ ಹಕ್ಕು ಇತ್ತು.

ಲೈಸೆನ್ಸ್ ಕೈಗೆ ಬಂದ ಮೇಲಿನ ಮೊದಲ ಸೋಮವಾರ ಮೇಡಂ ಯಜಮಾನರ ಕಾರಿನ ಕವರ್ ತೆಗೆದು, ತಾವೇ ಓಡಿಸಿಕೊಂಡು ಶಾಲೆಗೆ ಹೋದರು. ಪ್ರಾರ್ಥನೆಯ ಗಂಟೆಗೂ ಮೊದಲೇ ತಲುಪಿದರಂತೆ. ಮಕ್ಕಳೆಲ್ಲ ಸಾಲು ಬಿಟ್ಟು ಬಂದು ಕಾರು ಮುತ್ತಿಕೊಂಡು ಚಪ್ಪಾಳೆ ತಟ್ಟಿದರಂತೆ. ಮಧ್ಯಾಹ್ನ ಫೋನ್ ಮಾಡಿ ಅವರೇ ಹೇಳಿದರು. ಇಷ್ಟು ವರ್ಷ ಈ ಕೆಲಸ ಮಾಡಿದ್ದಕ್ಕೆ ಸಾರ್ಥಕವಾಯಿತು ಅನ್ನಿಸಿತು. ಆಮೇಲೆ ಅವರು ದನಿ ತಗ್ಗಿಸಿದರು.

"ಸಾರ್, ಶಾಲೆ ಗೇಟ್ ಒಳಗೆ ನೇರವಾಗಿ ತಂದು ನಿಲ್ಲಿಸಿಬಿಟ್ಟಿದ್ದೀನಿ. ಈಗ ರಿವರ್ಸಲ್ಲೇ ಆಚೆ ಬರಬೇಕು. ಸಂಜೆ ಶಾಲೆ ಬಿಡೋ ಹೊತ್ತಿಗೆ ಗೆಂಡೆಹಳ್ಳಿ ಕಡೆ ಬಂದು ಒಂದು ನಿಮಿಷ ಹಿಂದೆ ನಿಂತ್ಕೋತೀರಾ?"

ಆಗಲಿ ಮೇಡಂ, ಈಗಲೇ ಹೊರಟೆ ಎಂದೆ.

"ಬರುವಾಗ ಬಿಸಿಲು ಅಂತ ಟೋಪಿ ಮಾತ್ರ ಹಾಕ್ಕೊಂಡು ಬರಬೇಡಿ," ಎಂದರು.