ಒಂದು ಗೇಣು ಬಾಕಿ

ಬೆಳಿಗ್ಗೆ ಹತ್ತೂಮುಕ್ಕಾಲಿಗೆ ಫೋನ್ ಬಂತು. ಊಟದ ಟೇಬಲ್ಲಿನ ಮೇಲಿದ್ದ ಮಗ್ಗದಲ್ಲಿ ಆಗ ಬಟ್ಟೆ ಮುಗಿಯಲು ಒಂದು ಗೇಣು ಬಾಕಿ ಇತ್ತು.

ಫೋನ್ ಮಾಡಿದವರು ಸರ್ವೆ ಸಾಹೇಬರ ಹೆಂಡತಿ. ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡ ಅಕ್ಕನನ್ನು ನೋಡಲು ಅವರು ಬೆಳಕು ಹರಿಯುವ ಮೊದಲೇ ಹೋಗಿದ್ದರು.

"ರೀ, ಅಕ್ಕನ ಕಾಲಿಗೆ ಪ್ಲಾಸ್ಟರ್ ಹಾಕಿದಾರೆ. ನಾನು ಬರೋದು ಸಂಜೆ ಆಗುತ್ತೆ. ಐದಕ್ಕೆ ನೇಯ್ಗೆ ಟೀಚರ್ ಬಟ್ಟೆ ತಗೊಂಡು ಹೋಗೋಕೆ ಬರ್ತಾರಲ್ಲ, ಮುಗಿದಿಲ್ಲ ಅಂತ ಹೇಳಿಬಿಡಿ."

"ಹಾಗಾದ್ರೆ ನಾಳೆ ಪ್ರದರ್ಶನ?"

"ಈ ಸಲ ಬೇಡ. ಮುಂದಿನ ಸಲ ನೋಡೋಣ."

"ಮುಂದಿನ ಸಲ ಅಂದ್ರೆ ಯಾವಾಗ?"

"ಆರು ತಿಂಗಳಿಗೆ. ನೀವು ಮಗ್ಗ ಮುಟ್ಟೋಕೆ ಹೋಗಬೇಡಿ. ಇನ್ನೊಂದು ವಿಷಯ, ಮಗ್ಗದ್ದೇ..."

"ಮುಟ್ಟಲ್ಲ ಕಣೇ," ಎಂದು ಸಾಹೇಬರು ಫೋನ್ ಇಟ್ಟರು. ಆರು ತಿಂಗಳು ಎಂಬ ಮಾತು ಕಿವಿಗೆ ಬಿದ್ದ ಮೇಲೆ ಮಿಕ್ಕಿದ್ದನ್ನು ಕೇಳುವ ತಾಳ್ಮೆ ಅವರಿಗೆ ಇರಲಿಲ್ಲ.

ಸಾಹೇಬರು ಎಂದೂ ಸಾಹೇಬರಾಗಿದ್ದವರಲ್ಲ. ಸರ್ವೆ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ ಮಾಡಿ ನಿವೃತ್ತರಾದವರು. ನಕ್ಷೆಯ ಮೇಲೆ ಅವರಿಗಿದ್ದ ನಂಬಿಕೆ ಎಂಥದ್ದೆಂದರೆ, ಒಮ್ಮೆ ನಕ್ಷೆಯಲ್ಲಿ ಇಲ್ಲದ ಬಾವಿಗೆ ಬಿದ್ದು, ಹಗ್ಗ ಹಿಡಿದು ಮೇಲೆ ಬಂದು, ಒದ್ದೆ ಬಟ್ಟೆಯಲ್ಲೇ ಕುಳಿತು ಅಲ್ಲಿ ಬಾವಿ ಇಲ್ಲವೆಂದು ವರದಿ ಬರೆದರು ಎಂದು ಕಚೇರಿಯ ಉಳಿದವರು ಹೇಳಿಕೊಂಡು ನಗುತ್ತಿದ್ದರು. ಸಾಹೇಬರು ಅದನ್ನು ಅಲ್ಲಗಳೆದದ್ದು ಯಾರಿಗೂ ನೆನಪಿಲ್ಲ.

ಈಗ ಅವರಿಗೆ ಬೇಕಾಗಿದ್ದದ್ದು ಟೇಬಲ್ಲು. ಮಗ್ಗ ಮನೆಗೆ ಬಂದ ದಿನವೇ ಅದು ಟೇಬಲ್ಲಿನ ನಡುವೆ ಪಟ್ಟಾಗಿ ಕುಳಿತಿತ್ತು. ನೂಲಿನ ಉಂಡೆ, ಕತ್ತರಿ, ಲಾಳಿಗಳು ನೆಂಟರಂತೆ ಅದರ ಸುತ್ತ ಬಿಡಾರ ಹೂಡಿದ್ದವು. ಅಂದಿನಿಂದ ಸಾಹೇಬರು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ರೈಲು ಯಾವಾಗ ಕುಲುಕೀತೋ ಎಂಬ ಪ್ರಯಾಣಿಕನ ಹಾಗೆ ಊಟ ಮಾಡುತ್ತಿದ್ದರು. ಕೆಳಗಿನ ಮನೆಯ ಗಣಿತ ಮೇಷ್ಟ್ರ ಜೊತೆ ದಿನಾ ಆಡುತ್ತಿದ್ದ ಚದುರಂಗ ನೆಲಕ್ಕಿಳಿದಿತ್ತು. ಮೇಷ್ಟ್ರು ಆನೆಯನ್ನು ಸರಿಸಲು ಬಾಗಿದಾಗಲೆಲ್ಲ ಅವರ ಮಂಡಿ ಹಳೆಯ ಬಾಗಿಲಿನಂತೆ ಸದ್ದು ಮಾಡುತ್ತಿತ್ತು. ಬಟ್ಟೆ ಪ್ರದರ್ಶನಕ್ಕೆ ಹೋದ ದಿನವೇ ಮಗ್ಗ ಅಟ್ಟಕ್ಕೆ, ಟೇಬಲ್ಲು ನಿಮಗೆ ಎಂದು ಹೆಂಡತಿ ಮಾತು ಕೊಟ್ಟಿದ್ದರು. ಆ ಮಾತು ಈಗ ಒಂದು ಗೇಣು ದೂರದಲ್ಲಿ ನಿಂತಿತ್ತು.

ಸಾಹೇಬರು ಮಗ್ಗದ ಮುಂದೆ ಕುಳಿತರು. ಅವರು ಮುಟ್ಟಲಿಲ್ಲ, ನೋಡಿದರು ಅಷ್ಟೆ. ಬಿಳಿ ನೂಲುಗಳು ಉದ್ದಕ್ಕೆ ಬಿಗಿದುಕೊಂಡಿದ್ದವು, ಲಾಳಿಯಲ್ಲಿ ನೀಲಿ ನೂಲಿತ್ತು. ಮೇಲುಗಡೆ ನಾಲ್ಕು ಹಿಡಿಗಳು. ಒಂದೊಂದು ಹಿಡಿ ಒತ್ತಿದರೆ ಒಂದೊಂದು ಗುಂಪಿನ ನೂಲು ಮೇಲೇಳುತ್ತದೆ, ಆ ಸಂದಿನಲ್ಲಿ ಲಾಳಿ ತೂರಿಸಬೇಕು, ಹಣಿಗೆಯಿಂದ ಬಡಿದು ಕೂರಿಸಬೇಕು. ಯಾವ ಸಾಲಿಗೆ ಯಾವ ಹಿಡಿ ಎಂಬುದಕ್ಕೆ ಪಕ್ಕದಲ್ಲಿ ಒಂದು ಚೌಕುಳಿ ಹಾಳೆ ಅಂಟಿಸಿತ್ತು. ಪ್ರತಿ ಸಾಲಿಗೂ ನಾಲ್ಕು ಚೌಕ. ಮೂರು ಕಪ್ಪು, ಒಂದು ಖಾಲಿ. ಖಾಲಿ ಚೌಕ ಸಾಲಿನಿಂದ ಸಾಲಿಗೆ ಒಂದು ಮನೆ ಜರುಗುತ್ತಾ, ಅಂಚು ಮುಟ್ಟಿ ಹಿಂದಕ್ಕೆ ಬರುತ್ತಿತ್ತು. ಕೆಳಗೆ, ಬಟ್ಟೆ ಹೇಗೆ ಕಾಣಬೇಕು ಎಂಬುದರ ಚಿತ್ರ: ಬಿಳಿಯ ಮೇಲೆ ತೆಳು ನೀಲಿ ಗೆರೆಯ ವಜ್ರಗಳು.

"ಇದೂ ನಕ್ಷೆಯೇ," ಎಂದು ಸಾಹೇಬರು ತಮಗೆ ತಾವೇ ಹೇಳಿಕೊಂಡರು. ತೊಂದರೆ ಶುರುವಾದದ್ದು ಇಲ್ಲಿಂದ.

ಹನ್ನೊಂದಕ್ಕೆ ಚದುರಂಗಕ್ಕೆಂದು ಮೇಷ್ಟ್ರು ಬಂದರು. ವಿಷಯ ಕೇಳಿ ಹಾಳೆಯನ್ನು ಕಿತ್ತು ಕೈಗೆ ತೆಗೆದುಕೊಂಡರು.

"ಇದನ್ನ ಎಡದಿಂದ ಓದಬೇಕೋ ಬಲದಿಂದಲೋ?"

"ಉತ್ತರ ದಿಕ್ಕು ಯಾವುದು ಅಂತ ಬರೆದಿಲ್ಲ," ಎಂದರು ಸಾಹೇಬರು.

"ಬಟ್ಟೆಗೆಂಥ ಉತ್ತರ ದಿಕ್ಕು ಸಾಹೇಬ್ರೇ? ಕಪ್ಪು ಅಂದ್ರೆ ಒತ್ತು, ಖಾಲಿ ಅಂದ್ರೆ ಬಿಡು ಅಂತಿಟ್ಟುಕೊಳ್ಳೋಣ."

"ಖಾಲಿ ಅಂದ್ರೆ ಒತ್ತು ಅಂತ ಇದ್ರೆ?"

"ಪಾಠ ಹೇಳೋವಾಗ ನಾನು ಮಕ್ಕಳಿಗೆ ಬರೆದಿರೋದನ್ನ ಓದಿ ಅಂತಿದ್ದೆ. ಬರೆಯದೆ ಬಿಟ್ಟಿದ್ದನ್ನ ಓದಿ ಅಂತ ಯಾವತ್ತೂ ಹೇಳಿಲ್ಲ."

ಪರೀಕ್ಷೆಗೆಂದು ನಾಲ್ಕು ಸಾಲು ಹಾಕುವುದು, ಸರಿಬರದಿದ್ದರೆ ಬಿಚ್ಚಿಬಿಡುವುದು ಎಂದು ತೀರ್ಮಾನವಾಯಿತು. ಒಂದೇ ಏಟಿಗೆ ಮೂರು ಹಿಡಿ ಒತ್ತುವುದು ಸಾಹೇಬರು ಎಣಿಸಿದಷ್ಟು ಸುಲಭವಿರಲಿಲ್ಲ. ಎರಡು ಕೂತರೆ ಮೂರನೆಯದು ಎದ್ದು ನಿಲ್ಲುತ್ತಿತ್ತು, ಒಂದೇ ಮಂಚದಲ್ಲಿ ಮಲಗಿಸಿದ ಮಕ್ಕಳ ಹಾಗೆ. ಎರಡೂ ಕೈಯಲ್ಲಿ ಒತ್ತಿ ಹಿಡಿದರೆ ಲಾಳಿ ತೂರಿಸಲು ಕೈ ಇಲ್ಲ. ಮೇಷ್ಟ್ರು ತೂರಿಸಿದರು. ಲಾಳಿ ಆಚೆ ಬದಿಯಿಂದ ಹೊರಟು, ಕಿಟಕಿಯ ಸರಳಿಗೆ ಬಡಿದು, ಬೀರುವಿನ ಅಡಿ ಸೇರಿತು.

ಆ ಸದ್ದಿಗೆ ಮೇಲಿನ ಮನೆಯ ಟೈಲರಕ್ಕ ಇಳಿದು ಬಂದರು. ಕೊರಳಲ್ಲಿ ಅಳತೆ ಪಟ್ಟಿ, ತುಟಿಯ ನಡುವೆ ಗುಂಡುಸೂಜಿ.

"ಏನ್ ಮಾಡ್ತಿದೀರಿ ಇಬ್ಬರೂ? ಅತ್ತಿಗೆ ನೋಡಿದ್ರೆ ಮಗ್ಗದ ಜೊತೆ ನಿಮ್ಮನ್ನೂ ಅಟ್ಟಕ್ಕೆ ಹಾಕ್ತಾರೆ."

"ನಿಮ್ಮ ಅತ್ತಿಗೆಗೇ ಸಹಾಯ ಮಾಡ್ತಿದೀವಿ," ಎಂದರು ಸಾಹೇಬರು ಬೀರುವಿನ ಅಡಿಯಿಂದ.

ಟೈಲರಕ್ಕ ಸೂಜಿಯನ್ನು ಸೆರಗಿಗೆ ಚುಚ್ಚಿ, ಮಗ್ಗದ ಪಕ್ಕ ನಿಂತರು. ಕೈ ಕೆಲಸ ಎಲ್ಲಿ ನಡೆದರೂ ಸುಮ್ಮನೆ ನೋಡುತ್ತಾ ನಿಲ್ಲುವ ಜಾಯಮಾನ ಅವರದಲ್ಲ. ಮೇಷ್ಟ್ರು ಓದುವುದು, ಸಾಹೇಬರು ಒತ್ತುವುದು, ಟೈಲರಕ್ಕ ಲಾಳಿ ತೂರಿಸುವುದು ಎಂದು ಕೆಲಸ ಹಂಚಿಕೆಯಾಯಿತು.

"ಒಂದು, ಎರಡು, ಮೂರು," ಎಂದರು ಮೇಷ್ಟ್ರು. ಸಾಹೇಬರು ಒತ್ತಿದರು. ಲಾಳಿ ಹೋಯಿತು, ಹಣಿಗೆ ಬಡಿಯಿತು.

"ಒಂದು, ಎರಡು, ನಾಲ್ಕು."

"ಮೂರು, ನಾಲ್ಕು, ಐದು."

"ಐದನೇದು ಎಲ್ಲಿದೆ ಮೇಷ್ಟ್ರೇ?"

"ಹಾಂ? ಅಭ್ಯಾಸಬಲ ಸಾಹೇಬ್ರೇ. ಮೂರು, ನಾಲ್ಕು, ಒಂದು."

ನಾಲ್ಕೇ ಸಾಲಿಗೆ ನಿಲ್ಲಲಿಲ್ಲ, ಎರಡು ಬೆರಳಗಲ ಬಟ್ಟೆ ಬಂತು. ಮೂವರೂ ತಲೆ ಬಗ್ಗಿಸಿ ನೋಡಿದರು. ಹೊಸ ತುಂಡಿನಲ್ಲಿ ಬಿಳಿಯ ಮೇಲೆ ತೆಳು ನೀಲಿ ಗೆರೆ, ಥೇಟ್ ಹಾಳೆಯ ಚಿತ್ರದಂತೆ. ಅದಕ್ಕಿಂತ ಹಿಂದಿನ ಬಟ್ಟೆಯಲ್ಲಿ, ಅಂದರೆ ಹೆಂಡತಿ ಮೂರು ತಿಂಗಳು ಕುಳಿತು ನೇಯ್ದದ್ದರಲ್ಲಿ, ನೀಲಿಯ ಮೇಲೆ ತೆಳು ಬಿಳಿ ಗೆರೆ.

ಟೈಲರಕ್ಕ ಎರಡೂ ಸೇರುವ ಕಡೆ ಬೆರಳಾಡಿಸಿದರು.

"ತಪ್ಪಾಗಿದೆ," ಎಂದರು ಟೈಲರಕ್ಕ.

"ಆಗಿದೆ," ಎಂದರು ಸಾಹೇಬರು. ಅವರ ಮುಖದಲ್ಲಿ ನಿವೃತ್ತಿಯ ನಂತರ ಕಾಣದಿದ್ದ ಒಂದು ಕಳೆ ಬಂದಿತ್ತು. "ಆದ್ರೆ ನಮ್ಮದಲ್ಲ, ಅವಳದ್ದು. ಮೂರು ತಿಂಗಳು ನಕ್ಷೆಯನ್ನ ತಿರುಗಾ ಮುರುಗಾ ಓದಿದಾಳೆ."

"ಹಾಗಾದ್ರೆ ಈ ಗೇಣನ್ನೂ ಅವರ ಥರಾನೇ ನೇಯ್ದುಬಿಡಿ. ಒಂದಕ್ಕೊಂದು ಹೊಂದಿಕೊಂಡು ಹೋಗುತ್ತೆ. ಯಾರಿಗೆ ಗೊತ್ತಾಗುತ್ತೆ?"

ಅದು ಒಳ್ಳೆಯ ಸಲಹೆಯೇ. ಖಾಲಿ ಚೌಕದ ಒಂದೊಂದೇ ಹಿಡಿ ಒತ್ತಿದ್ದರೆ ಕೆಲಸ ಹಗುರವೂ ಆಗುತ್ತಿತ್ತು, ಊಟದ ಹೊತ್ತಿಗೆ ಮುಗಿಯುತ್ತಲೂ ಇತ್ತು. ಆದರೆ ಸಾಹೇಬರು ನೆಟ್ಟಗೆ ಕುಳಿತರು.

"ನಕ್ಷೆಗೆ ವಿರುದ್ಧವಾಗಿ ನಾನು ಇವತ್ತಿನವರೆಗೂ ಒಂದು ಗೆರೆ ಎಳೆದವನಲ್ಲ."

"ಬಾವಿಗೆ ಬಿದ್ದಾಗಲೂ ಹೀಗೇ ಅಂದಿದ್ರಂತೆ," ಎಂದರು ಮೇಷ್ಟ್ರು.

"ಅಲ್ಲಿ ಬಾವಿ ಇರಲಿಲ್ಲ."

"ನಿಮ್ಮಿಷ್ಟ. ಆಮೇಲೆ ನಾನು ಇಸ್ತ್ರಿ ಹಾಕಿಕೊಡ್ತೀನಿ," ಎಂದರು ಟೈಲರಕ್ಕ. ಇಸ್ತ್ರಿ ಹಾಕಿದರೆ ಸರಿಹೋಗದ ತಪ್ಪು ಲೋಕದಲ್ಲಿಲ್ಲ ಎಂಬುದು ಅವರ ನಂಬಿಕೆ.

ನೇಯ್ಗೆ ಸಾಗಿತು. ಒಂದು ಬಿಳಿ ನೂಲು ಕಡಿಯಿತು. ಟೈಲರಕ್ಕ ಗಂಟು ಹಾಕಿದರು. ಮೇಷ್ಟ್ರು ಕನ್ನಡಕ ಒರೆಸಿಕೊಳ್ಳಲು ಹಾಳೆ ಕೆಳಗಿಟ್ಟು, ಮತ್ತೆ ಎತ್ತಿಕೊಂಡಾಗ ಸಾಲು ತಪ್ಪಿಹೋಗಿತ್ತು. ಎಲ್ಲಿದ್ದೇವೆ ಎಂಬುದರ ಬಗ್ಗೆ ಮೂವರದೂ ಮೂರು ಅಭಿಪ್ರಾಯ. ಒಂದು ಬೆರಳಗಲ ಬಿಚ್ಚಿ ಮತ್ತೆ ನೇಯ್ದರು. ಆಮೇಲೆ ಮೇಷ್ಟ್ರು ನೆಲದ ಮೇಲಿದ್ದ ಚದುರಂಗದಿಂದ ಒಂದು ಬಿಳಿ ಕುದುರೆ ತಂದು, ಹಾಳೆಯನ್ನು ಟೇಬಲ್ಲಿನ ಮೂಲೆಯಲ್ಲಿ ಹಾಸಿ, ನಡೆಯುತ್ತಿರುವ ಸಾಲಿನ ಮೇಲೆ ಅದನ್ನು ನಿಲ್ಲಿಸಿದರು. ಕುದುರೆ ತನ್ನ ಜನ್ಮದಲ್ಲಿ ಮೊದಲ ಬಾರಿಗೆ ಸೊಟ್ಟ ಹಾರದೆ ನೇರವಾಗಿ ಒಂದೊಂದೇ ಸಾಲು ಇಳಿಯಿತು.

ಊಟದ ಹೊತ್ತು ಕಳೆಯಿತು. ಮಧ್ಯಾಹ್ನದ ನಂತರ ಸಾಹೇಬರ ಹೆಬ್ಬೆರಳಿನ ಬುಡ ಊದಿಕೊಂಡಿತು. ಆದರೂ ನಿಲ್ಲಿಸಲಿಲ್ಲ. ಮನಸ್ಸಿನಲ್ಲಿ ಆಗಲೇ ಅವರು ಟೇಬಲ್ಲಿಗೆ ತಟ್ಟೆ ಇಟ್ಟು, ಲೋಟ ಇಟ್ಟು, ಎರಡೂ ಮೊಣಕೈ ಊರಿ ಕುಳಿತಿದ್ದರು. ನಾಲ್ಕೂವರೆಗೆ ಗೇಣು ಮುಗಿಯಿತು.

"ಅವಳಿಗೆ ಮೆಲ್ಲಗೆ ಹೇಳ್ತೀನಿ," ಎಂದರು ಸಾಹೇಬರು ಕೈ ನೀವಿಕೊಳ್ಳುತ್ತಾ. "ಮೂರು ತಿಂಗಳಿನ ತಪ್ಪು ಅಲ್ವಾ, ಬೇಜಾರು ಮಾಡ್ಕೋತಾಳೆ."

ಐದಕ್ಕೆ ಟೀಚರ್ ಬಂದರು. ಬಾಗಿಲಲ್ಲೇ ಸಿಕ್ಕಿದ ಸಾಹೇಬರ ಹೆಂಡತಿಯೂ ಅವರೊಟ್ಟಿಗೇ ಒಳಗೆ ಬಂದರು. ನೋಡಿಕೊಳ್ಳಲು ಅಕ್ಕನ ಮಗಳು ಬಂದಿದ್ದರಿಂದ ಬೇಗ ಹೊರಟಿದ್ದರಂತೆ. ಮಗ್ಗದ ಸುತ್ತ ನಿಂತ ಮೂವರನ್ನೂ, ತುಂಬಿದ ಬಟ್ಟೆಯನ್ನೂ, ಹಾಳೆಯ ಮೇಲಿನ ಕುದುರೆಯನ್ನೂ ಅವರು ಒಂದೊಂದಾಗಿ ನೋಡಿದರು. ಚೀಲ ಕೆಳಗಿಡಲಿಲ್ಲ.

"ಮುಟ್ಟಬೇಡಿ ಅಂದಿದ್ದೆ."

"ಮುಗಿಸಿದೀನಿ," ಎಂದರು ಸಾಹೇಬರು. "ನಿನ್ನದು ಒಂದು ಸಣ್ಣ ತಪ್ಪಾಗಿತ್ತು ಕಣೇ. ಕೊನೇ ಗೇಣು ಮಾತ್ರ ನಕ್ಷೆ ಪ್ರಕಾರ ಇದೆ."

ಟೀಚರ್ ಕತ್ತರಿ ತೆಗೆದುಕೊಂಡು ಬಟ್ಟೆಯನ್ನು ಮಗ್ಗದಿಂದ ಬಿಡಿಸಿದರು. ಹೊದಿಕೆ ಒದರುವಂತೆ ಒಮ್ಮೆ ಒದರಿ, ಮಗುಚಿ ಹಾಕಿದರು. ಉದ್ದಕ್ಕೂ ಬಿಳಿಯ ಮೇಲೆ ತೆಳು ನೀಲಿ ಗೆರೆಯ ವಜ್ರಗಳು, ಹಾಳೆಯ ಚಿತ್ರದಂತೆಯೇ. ಕೊನೆಯ ಒಂದು ಗೇಣು ಮಾತ್ರ ನೀಲಿಯ ಮೇಲೆ ತೆಳು ಬಿಳಿ ಗೆರೆ.

"ಮೂರು ಹಿಡಿ ಒಟ್ಟಿಗೆ ಒತ್ತೋಕೆ ನನ್ನ ಮಣಿಕಟ್ಟು ಒಪ್ಪಲ್ಲ," ಎಂದರು ಹೆಂಡತಿ. "ಅದಕ್ಕೇ ಬೋರಲಾಗಿ ನೇಯೋದು ಅಂತ ಟೀಚರ್ ಹೇಳಿಕೊಟ್ರು. ಬಿಟ್ಟ ಒಂದು ಹಿಡಿ ಒತ್ತಿದ್ರೆ ಸಾಕು, ಸರಿಯಾದ ಮುಖ ಕೆಳಗೆ ಬರುತ್ತೆ. ನೀವು ಮೂವರೂ ಇಡೀ ದಿನ ನೋಡಿದ್ದು ಬಟ್ಟೆಯ ಬೆನ್ನನ್ನ."

"ನಾನು ಓದಿದ್ದಷ್ಟೇ," ಎಂದರು ಮೇಷ್ಟ್ರು. ಹಾಳೆಯ ಮೇಲಿನ ಕುದುರೆಯನ್ನು ಮೆಲ್ಲಗೆ ಎತ್ತಿ ಜೇಬಿಗೆ ಹಾಕಿಕೊಂಡರು.

"ನಾನು ಲಾಳಿ ತೂರಿಸಿದ್ದಷ್ಟೇ," ಎಂದರು ಟೈಲರಕ್ಕ. "ಒಂದ್ಸಲ ಇಸ್ತ್ರಿ ಹಾಕಿ ನೋಡಬಹುದು."

ಟೀಚರ್ ಇನ್ನೂ ಬಟ್ಟೆಯ ತುದಿಯನ್ನೇ ನೋಡುತ್ತಿದ್ದರು. "ಚೆನ್ನಾಗಿದೆ," ಎಂದರು.

ಸಾಹೇಬರಿಗೆ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ನಾಳೆ ಪ್ರದರ್ಶನಕ್ಕೆ..."

"ಇದು ಆಗಲ್ಲ. ಒಂದೇ ತುದಿಗಿದ್ರೆ ನೋಡಿದವರು ತಪ್ಪು ಅಂತಾರೆ. ಎರಡೂ ತುದಿಗಿದ್ರೆ ಅದನ್ನೇ ಅಂಚು ಅಂತಾರೆ. ಎರಡೂ ಕಡೆ ಹಾಕಿ ಹೊಸದೊಂದು ನೇಯಿರಿ, ಮುಂದಿನ ಸಲಕ್ಕೆ."

"ಇವಳ ಮಣಿಕಟ್ಟು ಒಪ್ಪಲ್ಲವಲ್ಲ."

"ನಿಮ್ಮದು ಒಪ್ಪಿದೆಯಲ್ಲ," ಎಂದು ಟೀಚರ್ ಅವರ ಊದಿದ ಹೆಬ್ಬೆರಳು ನೋಡಿದರು. "ಹಾಳೆ ಓದೋದಕ್ಕೇ ನಮ್ಮಲ್ಲಿ ಎಷ್ಟೋ ಜನ ತಿಂಗಳುಗಟ್ಟಲೆ ತಗೋತಾರೆ."

ಟೀಚರ್ ಹೋದ ಮೇಲೆ ಹೆಂಡತಿ ಕುರ್ಚಿಯಲ್ಲಿ ಕುಳಿತು ನಗತೊಡಗಿದರು. ಸಾಹೇಬರಿಗೆ ಬೈಗುಳವಾದರೆ ತಡೆದುಕೊಂಡು ಅಭ್ಯಾಸವಿತ್ತು. ಈ ನಗು ಅವರಿಗೆ ಹೊಸದು.

"ಯಾಕೆ ನಗ್ತೀಯ?"

"ಬೆಳಿಗ್ಗೆ ಇನ್ನೊಂದು ವಿಷಯ ಅಂತ ಹೇಳೋಕೆ ಹೋದೆ, ನೀವು ಫೋನ್ ಇಟ್ಟುಬಿಟ್ರಿ. ಅಕ್ಕ ಕಾಲು ಚಾಚಿಕೊಂಡು ಕೂತಲ್ಲೇ ಕೂರಬೇಕು, ಹೊತ್ತು ಹೋಗಲ್ಲ ಅಂತ ಒಂದೇ ಸಮನೆ ಗೋಳು. ಮಗ್ಗನ ನಾಳೆ ನಿಮ್ಮನೆಗೇ ಕಳಿಸ್ತೀನಿ, ಉಳಿದ ಗೇಣು ನೀನೇ ಮುಗಿಸು ಅಂತ ಹೇಳಿದ್ದೆ. ವ್ಯಾನಿಗೂ ಹೇಳಿ ಆಗಿದೆ."

ಸಾಹೇಬರು ಟೇಬಲ್ಲನ್ನು ನೋಡಿದರು. ಬಟ್ಟೆ ಬಿಚ್ಚಿದ ಮಗ್ಗ ಬಾಯಿ ತೆರೆದುಕೊಂಡು ಅವರನ್ನೇ ನೋಡುತ್ತಿತ್ತು.

"ಕೊಟ್ಟ ಮಾತು ತಪ್ಪಬಾರದು ಕಣೇ," ಎಂದರು ತಡಬಡಿಸಿ. "ಕಳಿಸಿಬಿಡೋಣ. ನಾನೇ ಎತ್ತಿ ವ್ಯಾನಿಗಿಡ್ತೀನಿ."

ಹೆಂಡತಿ ಆಗಲೇ ಫೋನ್ ಕಿವಿಗಿಟ್ಟಿದ್ದರು. "ಅಕ್ಕಾ, ಮಗ್ಗ ಬರಲ್ಲ ಕಣೇ. ಇಲ್ಲ ಇಲ್ಲ, ಬೇರೇನಿಲ್ಲ, ಇವರು ನೇಯೋಕೆ ಕಲಿತುಬಿಟ್ಟಿದಾರೆ. ಹೂಂ, ಇವರೇ. ಮೂರು ಹಿಡಿ ಒಟ್ಟಿಗೆ ಒತ್ತುತಾರೆ. ಹೊತ್ತು ಹೋಗೋದಕ್ಕೆ ತಾನೆ? ತಾಳು, ಬೇರೆ ಏನಾದ್ರೂ ಕಳಿಸ್ತೀನಿ." ಅವರ ಕಣ್ಣು ಕೋಣೆಯ ಸುತ್ತ ಹರಿದು, ನೆಲದ ಮೂಲೆಯಲ್ಲಿ ನಿಂತಿತು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ವ್ಯಾನು ಬಂತು. ಚದುರಂಗದ ಹಲಗೆ, ಕಾಯಿಗಳ ಸಮೇತ ಅಕ್ಕನ ಮನೆಗೆ ಹೋಯಿತು. ಬಿಳಿ ಕುದುರೆ ಒಂದನ್ನು ಮಾತ್ರ ಮೇಷ್ಟ್ರು ಕೊಡಲಿಲ್ಲ.